ವಿಮಾನದ ಕೆಳಗಿನ ಹೊಲ

ಶಿಗ್ಗಾಂವದ ಹೈವೇ ಬದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರು, ತೀರಿಕೊಂಡವರು, ನಿವೃತ್ತರಾದ ಮಾಸ್ತರರು, ಗೆಲ್ಲುವ ಮೊದಲೇ ಸನ್ಮಾನ ಮಾಡಿಸಿಕೊಂಡ ಪುಢಾರಿಗಳು, ಮೂವತ್ತು ವರ್ಷದಲ್ಲಿ ಎಲ್ಲರನ್ನೂ ಗಾಜಿನೊಳಗೆ ಕೂಡಿಸಿದ್ದೇನೆ. ಖಾದರಸಾಬ ಮೊಳೆ ಹೊಡೆದರೆ ಗೋಡೆ ಬಿದ್ದರೂ ಫೋಟೋ ಬೀಳದು ಎಂಬ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ. ವಿಮಾನಕ್ಕೆ ಕಟ್ಟು ಹಾಕಿದ್ದು ಮಾತ್ರ ಒಂದೇ ಸಲ.

ಆ ಫೋಟೋ ತೆಗೆದವನು ಕರಬಸಪ್ಪ ಗೌಡರ ಮಗ ಸಂಜಯ. ಆಡೂರು ದಾಟಿ ಪಶ್ಚಿಮಕ್ಕೆ ಹೋದರೆ ಎರಡು ಗುಡ್ಡ, ನಡುವೆ ಇಕ್ಕಟ್ಟಾದ ಕಣಿವೆ, ಅದರ ಬಾಯಲ್ಲಿ ಅವರ ಊರು. ಊರಿನ ಅರ್ಧ ಹೊಲ ಗೌಡರದು, ಉಳಿದರ್ಧದವರು ಗೌಡರ ಮಾತು ಮೀರದವರು. ಈಚೆಗೆ ಮಳೆ ಹೊಳವಾದ ದಿನಗಳಲ್ಲಿ ವಾಯುಸೇನೆಯ ತರಬೇತಿ ವಿಮಾನಗಳು ಆ ಕಣಿವೆಯೊಳಗೆ ತಗ್ಗಿ ಹಾರುತ್ತವೆ. ಗುಡ್ಡದ ನೆತ್ತಿಯಲ್ಲಿ ಕೂತರೆ ವಿಮಾನ ನಮ್ಮ ಕಾಲ ಕೆಳಗೇ ಹೋಗುತ್ತದೆ. ಅದನ್ನು ನೋಡಿದ ದಿನದಿಂದ ಸಂಜಯನಿಗೆ ಹುಚ್ಚು ಹಿಡಿಯಿತು. ಮೊಳದುದ್ದದ ಲೆನ್ಸ್ ತರಿಸಿದ. ಸೈನಿಕರ ಬಣ್ಣದ ಅಂಗಿ ಹೊಲಿಸಿದ. ಮನೆಯಲ್ಲಿ ನೀರು ಕುಡಿದ ತಂಬಿಗೆ ಎತ್ತಿಡದವನು ನಾಲ್ಕು ದಿನ ಗುಡ್ಡ ಹತ್ತಿ ಕೆಸರಲ್ಲಿ ಕೂತ. ಕೇಳಿದರೆ ದೇಶಸೇವೆ ಅಂದ.

ಇಂಥ ಫೋಟೋದಲ್ಲಿ ಒಂದು ಜಾಣ್ಮೆಯಿದೆಯಂತೆ. ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಒತ್ತಬೇಕು. ಆಗ ವಿಮಾನ ಚೊಕ್ಕ ಬರುತ್ತದೆ, ಹಿಂದಿನ ನೆಲವೆಲ್ಲ ಕಲಸಿಹೋಗುತ್ತದೆ, ನೋಡುವವರಿಗೆ ವೇಗ ಕಾಣುತ್ತದೆ. ಸಂಜಯ ತಿರುಗಿಸಿದಾಗಲೆಲ್ಲ ವಿಮಾನದ ಬಾಲವಷ್ಟೇ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಲೆನ್ಸ್ ಸರಿಯಿಲ್ಲವೆಂದ. ಕೊನೆಗೆ ಕ್ಯಾಮೆರಾವನ್ನು ಅಲುಗದಂತೆ ಇಟ್ಟು, ಶಟರಿನ ವೇಗವನ್ನು ತುದಿಗೇರಿಸಿ, ಕಣ್ಣು ಮುಚ್ಚಿ ಒತ್ತಿದ. ವಿಮಾನವೂ ಚೊಕ್ಕ ಬಂತು, ಎದುರು ಗುಡ್ಡದ ಇಳಿಜಾರಿನ ಒಂದೊಂದು ಹೆಂಟೆಯೂ ಚೊಕ್ಕ ಬಂತು. ಫೇಸ್‌ಬುಕ್ಕಿಗೆ ಹಾಕಿದರೆ ಬಲ್ಲವರು ನಕ್ಕರು. ವಿಮಾನವನ್ನು ಹೊಲದಲ್ಲಿ ನಿಲ್ಲಿಸಿದಂತಿದೆ ಅಂದರು ಕೆಲವರು, ಕಂಪ್ಯೂಟರಿನಲ್ಲಿ ಅಂಟಿಸಿದ್ದು ಅಂದರು ಉಳಿದವರು. ಆ ಎರಡನೆಯ ಮಾತು ಅವನ ಎದೆಗೆ ನಟ್ಟಿತು. ಪಾಪ, ಹುಟ್ಟಿದಾಗಿನಿಂದ ಅವನು ಮೈ ಬಗ್ಗಿಸಿ ಮಾಡಿದ್ದು ಅದೊಂದೇ ಕೆಲಸ.

ಮುಂದಿನ ಬೇಸಿಗೆಯಲ್ಲಿ ಗೌಡರೇ ಆ ಫೋಟೋ ಹಿಡಿಸಿಕೊಂಡು ಅಂಗಡಿಗೆ ಬಂದರು. ಎದುರು ಗುಡ್ಡದ ಇಳಿಜಾರು ಸರಕಾರದ ಜಾಗ. ಅಲ್ಲಿ ಕಲ್ಲಿನ ಕ್ವಾರಿ ಮಾಡಲು ಅವರು ಅರ್ಜಿ ಹಾಕಿದ್ದರು. ಬೀಳು ನೆಲ, ಯಾರೂ ಉತ್ತಿಲ್ಲ, ಹುಲ್ಲು ಬಿಟ್ಟರೆ ಏನೂ ಬೆಳೆದಿಲ್ಲ ಎಂದು ಬರೆದು, ಸುಗ್ಗಿ ಮುಗಿದ ಮೇಲಿನ ಬರಿ ನೆಲದ ಚಿತ್ರಗಳನ್ನು ಲಗತ್ತಿಸಿದ್ದರು. ತಹಶೀಲ್ದಾರ ಸಾಹೇಬರ ಕಚೇರಿಯಲ್ಲಿ ವಿಚಾರಣೆ ಮರುದಿನವಿತ್ತು.

“ಖಾದರಸಾಬ, ಚಲೋ ಕಟ್ಟು ಹಾಕು. ನಾಳಿ ಮುಂಜಾನೆ ಸಾಹೇಬರ ಖುರ್ಚಿ ಹಿಂದ ನೀನ ಬಂದು ಮೊಳಿ ಹೊಡೀಬೇಕು,” ಅಂದರು.

“ಆ ಸಾಹೇಬರು ಉಡುಗೊರಿ ಮುಟ್ಟಂಗಿಲ್ಲ ಅಂತಾರಲ್ರಿ ಗೌಡ್ರ.”

“ಇದು ಉಡುಗೊರಿ ಅಲ್ಲೋ, ದೇಶಭಕ್ತಿ. ದೇಶಭಕ್ತಿ ಬ್ಯಾಡ ಅನ್ನೂ ಧೈರ್ಯ ಯಾ ಸಾಹೇಬಗ ಐತಿ?”

ನಾನು ಅಳತೆಪಟ್ಟಿ ಹಿಡಿದೆ. ನಾಲ್ಕು ಫೂಟು ಅಗಲದ ಫೋಟೋ. ಕೆಳಗೆ ಬಂಗಾರದ ಅಕ್ಷರದಲ್ಲಿ ಸಂಜಯ ಅಚ್ಚು ಹಾಕಿಸಿದ್ದ: ‘ವಾಯುಸೇನೆಗೆ ಕೈಯೆತ್ತಿ ವಂದಿಸುತ್ತಿರುವ ರೈತ ಮಹಿಳೆ.’ ನಿಜವೇ, ವಿಮಾನದ ಆಚೆ ಬದುವಿನ ಮೇಲೆ ಹೆಣ್ಣುಮಗಳೊಬ್ಬಳು ಕೈಯೆತ್ತಿ ನಿಂತಿದ್ದಳು. ಗೌಡರ ಕಣ್ಣು ವಿಮಾನದಿಂದ ಕೆಳಗಿಳಿದಿರಲಿಲ್ಲ. ದೊಡ್ಡವರಿಗೆ ನೆಲ ನೋಡುವ ರೂಢಿ ಎಲ್ಲಿರುತ್ತದೆ.

ಮರುದಿನ ಕಚೇರಿಯ ಪಡಸಾಲೆಯಲ್ಲಿ ಫೋಟೋಗೆ ಸುತ್ತಿದ್ದ ಕಾಗದ ಬಿಚ್ಚುತ್ತಿದ್ದೆ. ಅಲ್ಲಿ ಮಂಜವ್ವ ಕೂತಿದ್ದಳು. ಗೌಡರ ಅರ್ಜಿಗೆ ತಕರಾರು ಹಾಕಿದವಳು ಇಡೀ ಊರಿನಲ್ಲಿ ಅವಳೊಬ್ಬಳೇ. ಅತ್ತೆಯ ಕಾಲದಿಂದ ಆ ಇಳಿಜಾರಿನ ಎರಡು ಎಕರೆ ಉತ್ತು ಬಂದವಳು. ಕಾಗದಪತ್ರ ಏನೂ ಇಲ್ಲ. ಸಾಕ್ಷಿ ಹೇಳುತ್ತೇವೆಂದಿದ್ದ ನಾಲ್ವರಿಗೂ ಸರಿಯಾಗಿ ಅವತ್ತೇ ಜ್ವರ ಬಂದಿತ್ತು. ಆ ನೆಲ ಹೋದರೆ ಅವಳೂ ಮಗಳು ಸುಜಾತಾಳೂ ಗೌಡರ ಹೊಲಕ್ಕೇ ಕೂಲಿಗೆ ಹೋಗಬೇಕು.

ಫೋಟೋದ ಕಡೆ ಬಗ್ಗಿ ನೋಡಿದವಳು ಹಾಗೇ ನಿಂತಳು.

“ಸಾಬ್ರ, ಇದು ನನ್ನ ಹೊಲ.”

“ಎಲ್ಲೈತವ್ವ?”

“ತುಂಬ ಅದ ಐತಲ್ರಿ. ಗೊಂಜಾಳದ ನಡುವ ತೊಗರಿ ಹಾಕಿದ್ನಿ. ಇದು ಬದು. ಇಕಾ, ಇದು ನಾನು.”

“ಕೈ ಯಾಕ ಎತ್ತೀ ಹಂಗ?”

“ಗೌಡ್ರ ಮಗ ನನ್ನ ತೊಗರಿಯಾಗ ಗಾಡಿ ನಿಲ್ಲಿಸಿ ಆಚಿ ಗುಡ್ಡ ಹತ್ತಿ ಕುಂತಿದ್ದ. ಬೈಯಾಕತ್ತಿದ್ನಿ.”

ನನ್ನ ಗಿರಾಕಿ ಗೌಡರು. ಬಾಯಿ ಬಿಡಲು ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊಳೆ ನನ್ನ ಕೈಯಲ್ಲಿತ್ತು. ಖುರ್ಚಿಯ ಹಿಂದಿನ ಗೋಡೆ ಟೊಳ್ಳೆಂದು ಸುಳ್ಳು ಹೇಳಿ, ಪಕ್ಕದ ಗೋಡೆಗೆ ಮಂಜವ್ವನ ಕೈಗೆ ಎಟಕುವಷ್ಟು ಕೆಳಗೆ ಹೊಡೆದೆ. ಬಿಗಿಯಾಗಿದೆಯೇ ಎಂದು ನೋಡುವ ನೆಪದಲ್ಲಿ ಅಲ್ಲೇ ನಿಂತೆ.

ವಿಚಾರಣೆ ಶುರುವಾಯಿತು. ಸಾಹೇಬರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು.

“ಅಲ್ಲಿ ನೇಗಿಲ ಇಳದಿಲ್ರಿ ಸರ,” ಅಂದರು ಗೌಡರು. “ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳ್ತೇನಿ. ಬರೇ ಹುಲ್ಲು.”

ಮಂಜವ್ವ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟಳು. “ಹಂಗಾರ ಇದೇನ್ರಿ ಸಾಹೇಬ್ರ?”

ಸಾಹೇಬರು ಎದ್ದು ಬಂದು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಸಾಲು ನೋಡಿದರು, ಬದು ನೋಡಿದರು, ಮಂಜವ್ವನ ಮುಖ ನೋಡಿ ಫೋಟೋದ ಮುಖ ನೋಡಿದರು. ಕೆಳಗಿನ ಬಂಗಾರದ ಅಕ್ಷರಗಳನ್ನು ಎರಡು ಸಲ ಓದಿದರು.

“ರೈತ ಮಹಿಳೆ ಅಂತ ನೀವೇ ಬರೆಸಿದ್ದೀರಲ್ಲ ಗೌಡ್ರೇ.”

ಗೌಡರು ಹಳೇ ಹುಲಿ. ಒಂದು ಗಳಿಗೆಯೂ ತಡಬಡಿಸಲಿಲ್ಲ. “ಅದು ಖರೇ ಫೋಟೋ ಅಲ್ರಿ ಸರ. ನಮ್ಮ ಹುಡುಗ ಕಂಪ್ಯೂಟರಿನ್ಯಾಗ ಅಂಟಿಸ್ಯಾನ. ವಿಮಾನ ಒಂದ ಕಡೇದು, ಹೊಲ ಒಂದ ಕಡೇದು.”

ಹಿಂದಿನ ಬೆಂಚಿನಲ್ಲಿ ಸೈನಿಕರ ಬಣ್ಣದ ಅಂಗಿ ತೊಟ್ಟು ಕೂತಿದ್ದ ಸಂಜಯ ಎದ್ದು ನಿಂತ. ಫೇಸ್‌ಬುಕ್ಕಿನವರು ಅಂದದ್ದನ್ನು ಹೇಗೋ ನುಂಗಿದ್ದ. ಹೆತ್ತ ಅಪ್ಪನೇ ಅಂದರೆ ಹೇಗೆ ತಡೆದಾನು.

“ಏನಂದಿ ಅಪ್ಪಾ? ನಾ ಅಂಟಿಸೇನಿ?”

“ಸಂಜ್ಯಾ, ಕುಂದರು.”

“ನಾಕ ದಿನ ಕೆಸರಾಗ ಕುಂತೇನಿ ನಾನು.” ಸಾಹೇಬರ ಕಡೆ ತಿರುಗಿದ. “ಸರ, ಇದು ನಮ್ಮೂರ ಎದರ ಗುಡ್ಡ. ಹ್ವಾದ ಆಗಸ್ಟ್ ಎಂಟು, ಮುಂಜಾನೆ ಹತ್ತು ಹದಿನೇಳು. ತಾರೀಖು, ಟೈಮು, ಜಾಗಾ, ಎಲ್ಲಾ ಕ್ಯಾಮೆರಾದಾಗ ಐತಿ, ತೋರಸ್ತೇನಿ. ಬೇಕಾರ ಮಂಜವ್ವನ್ನ ಕೇಳ್ರಿ. ತೊಗರಿಯಾಗ ಗಾಡಿ ನಿಲ್ಲಿಸೀನಂತ ಇಕಿ ಆವತ್ತ ನನ್ನ ವಂಶಾ ಎಲ್ಲಾ ಬೈದಾಳ.”

“ಖರೇ ಐತ್ರಿ, ಬೈದೇನಿ,” ಅಂದಳು ಮಂಜವ್ವ.

ಗೌಡರು ಮಗನನ್ನು ನೋಡಿದ ನೋಟಕ್ಕೆ ನಾನು ಕಟ್ಟು ಹಾಕಬೇಕಿತ್ತು. ಸಾಹೇಬರು ಗುಮಾಸ್ತನಿಗೆ ಎಲ್ಲವನ್ನೂ ಬರೆದುಕೊಳ್ಳಲು ಹೇಳಿದರು. ಸಾಗುವಳಿ ಇರುವ ನೆಲದಲ್ಲಿ ಕ್ವಾರಿ ಆಗದು ಎಂದು ಅರ್ಜಿಯನ್ನು ಅಲ್ಲೇ ವಜಾ ಮಾಡಿದರು. ಫೋಟೋ ಇಳಿಸಿಕೊಡಲು ಗೌಡರು ನನಗೆ ಕಣ್ಸನ್ನೆ ಮಾಡಿದ್ದು ಸಾಹೇಬರಿಗೂ ಕಂಡಿತು.

“ಅದು ಅಲ್ಲೇ ಇರ್ಲಿ. ಈಗ ಅದು ದಾಖಲೆ,” ಅಂದರು.

ನನಗೆ ರಂಜಾನ್ ಒಂದು ತಿಂಗಳು ಮುಂಚೆ ಬಂದಷ್ಟು ಖುಷಿಯಾಯಿತು.

ಗೌಡರು ಮಗನನ್ನು ಬಿಟ್ಟೇ ಜೀಪು ಹತ್ತಿ ಹೋದರು. ಸಂಜಯನಿಗೆ ಅದರ ಪರಿವೆಯಿರಲಿಲ್ಲ. ಅವನ ಫೋಟೋ ಖರೆ ಎಂದು ಸರಕಾರವೇ ಬರೆದುಕೊಂಡಿತ್ತು. ಅಪ್ಪನ ಕ್ವಾರಿಯನ್ನು ತಾನೇ ಕೈಯಾರೆ ಮುಳುಗಿಸಿದ್ದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಫೋಟೋದ ಮುಂದೆ ನಿಂತಿದ್ದ ಮಂಜವ್ವನ ಬಳಿ ಬಂದ.

“ಹೆಂಗ ಬಂದೈತಿ ಮಂಜವ್ವ?”

ಅವಳು ಹೊಲವನ್ನು ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ನೋಡಿದಳು.

“ಚಲೋ ಬಂದೈತ್ರಿ ಸಣ್ಣಗೌಡ್ರ. ಆ ವಿಮಾನ ಒಂದು ಅಡ್ಡ ಬರದಿದ್ರ, ಇನ್ನೂ ನಾಕ ಸಾಲು ಕಾಣ್ತಿದ್ವು.”