ಸೊಸೆ ಅರೆದ ದೋವಿ

ನಮ್ಮ ಬುಹೇರಾ ಸೀಮೆಯಲ್ಲಿ ಸಾವಿನ ಮನೆಗೆ ಬಂದವರನ್ನು ನಗಿಸುವ ಕೆಲಸ ಸೊಸೆಯರದು. ಸತ್ತವರ ಬಟ್ಟೆ ತೊಟ್ಟು, ಅವರ ಹಾಗೇ ನಡೆದು, ಅವರ ಹಾಗೇ ಬೈದು ತೋರಿಸಬೇಕು. ಅತ್ತು ಅತ್ತು ಗಂಟಲು ಕಟ್ಟಿದವರು ಹೊಟ್ಟೆ ಹಿಡಿದುಕೊಂಡು ನಗಬೇಕು. ಬದುಕಿದ್ದಾಗ ಎದುರಿಗೆ ಮಂಡಿಯೂರಿ ಮಾತಾಡಿಸಿದ ಅತ್ತೆಯನ್ನು ಸತ್ತ ಮೇಲೆ ಅಣಕಿಸುವುದು ಎಂಥ ನ್ಯಾಯವೋ! ಆದರೆ ಆ ಮನೆಯ ಸೊಸೆ ಮುಚನೆತಾಳಿಗೆ ಅಂದು ನ್ಯಾಯ ಅನ್ಯಾಯದ ಚಿಂತೆ ಇರಲಿಲ್ಲ. ಅವಳಿಗೆ ಅಳು ಬರುತ್ತಿತ್ತು, ಅಳುವುದಕ್ಕೆ ಪುರಸೊತ್ತಿರಲಿಲ್ಲ.

ಅತ್ತೆ ನ್ಯೆಂಬೆಜಿ ಹಿಂದಿನ ದಿನ ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ಈಗ ದುಂಡನೆಯ ಅಡಿಗೆಮನೆಯೊಳಗೆ, ತಾನೇ ಸಾರಿಸಿ ಹೊಳಪು ತರಿಸಿದ್ದ ನೆಲದ ಮೇಲೆ, ಪೆಟ್ಟಿಗೆಯಲ್ಲಿ ಮಲಗಿದ್ದಳು. ಹರಾರೆಯಿಂದ ಬರಬೇಕಾದವರೆಲ್ಲ ಬಸ್ಸಿಳಿದು ಬಂದಿದ್ದರು. ಮಗ ತವೆಂಗ್ವ ಮುಂದೆ ನಿಂತು ತೋಡಿಸಿದ್ದ ಗುಂಡಿಯೂ ಸಿದ್ಧವಾಗಿತ್ತು. ಆದರೂ ಪೆಟ್ಟಿಗೆ ಎತ್ತುವ ಹಾಗಿರಲಿಲ್ಲ. ಗಂಡನಾದವನು ತಲೆಯ ಹತ್ತಿರ ಕೂತು, ತನ್ನ ಬಾಯಾರೆ ‘ಹೋಗು’ ಎನ್ನದೆ ಹೆಂಡತಿಯನ್ನು ಅಂಗಳ ದಾಟಿಸುವ ಪದ್ಧತಿ ಆ ಮನೆತನದಲ್ಲಿ ಇಲ್ಲ.

ಗಂಡ ಮಟಾಂಬೊ ಕಣಜದ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಅವನ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಬುದ್ಧಿ ನೆಟ್ಟಗಿತ್ತು. ಆದರೆ ನಿನ್ನೆಯಿಂದ ಅವನದು ಒಂದೇ ಹಟ.

“ಅವಳು ತೌರಿಗೆ ಹೋಗಿದಾಳೆ. ಕಡಲೆಕಾಯಿ ಕಿತ್ತಿದಾರಲ್ಲ, ಬಿಡಿಸೋಕೆ ಅಣ್ಣನ ಮನೇಲಿ ಜನ ಇಲ್ಲ. ಬರ್ತಾಳೆ.”

“ಅಣ್ಣಯ್ಯಾ, ನಿನ್ನೆ ನಿನ್ನ ಕೈಯಿಂದ್ಲೇ ಮುಟ್ಟಿಸಿದ್ವಲ್ಲೋ,” ಎಂದು ಅವನ ತಂಗಿ ಮಾರ್ವೇಯಿ ಗೋಗರೆದಳು.

“ಯಾರದೋ ತಣ್ಣಗಿರೋ ಕೈ ಮುಟ್ಟಿಸಿದ್ರಿ. ನನ್ನ ಹೆಂಡ್ತಿ ಕೈ ಬಿಸಿ.”

ಮಾರ್ವೇಯಿ ಸೋತು ಮುಚನೆತಾಳ ಹತ್ತಿರ ಬಂದಳು. “ಆಟ ಶುರು ಮಾಡೇ ಸೊಸೆ. ಚೆನ್ನಾಗಿ ಮಾಡು. ಅವನು ಒಂದ್ಸಲ ನಕ್ಕರೆ ಅಳು ತಾನಾಗೇ ಬರುತ್ತೆ. ಅತ್ತರೆ ಎದ್ದು ಬರ್ತಾನೆ.”

ಮುಚನೆತಾ ಅತ್ತೆಯ ಮಾಸಿದ ಬಟ್ಟೆ ಸುತ್ತಿಕೊಂಡು, ತಲೆಗೆ ಓರೆಯಾಗಿ ವಸ್ತ್ರ ಕಟ್ಟಿ, ಮೂಗಿಗೆ ಚಿಟಿಕೆ ನಶ್ಯ ಏರಿಸಿದಳು. ಅತ್ತೆ ಎಂದರೆ ದೋವಿ. ಬೇರೆ ಏನನ್ನು ಆಡಿ ತೋರಿಸುವುದು? ಊರಲ್ಲಿ ಯಾವ ಮನೆಯ ಸೊಪ್ಪಿಗೆ, ಯಾವ ಮಗುವಿನ ಗಂಜಿಗೆ ಅವಳ ಕೈಯ ಈ ಕಡಲೆಬೀಜದ ಬೆಣ್ಣೆ ಬಿದ್ದಿಲ್ಲ? ಓರಗಿತ್ತಿ ಚೆನೆಸಾಯಿ ಮುಚನೆತಾಳ ಪಾತ್ರ ವಹಿಸಿಕೊಂಡು, ಬೀಜ ಹುರಿಯುತ್ತಾ ಬೇಕೆಂದೇ ತೂಕಡಿಸಿದಳು.

“ಏನೇ ಅದು! ಹುರಿ ಅಂದ್ರೆ ಸುಟ್ಟು ಕೂತಿದೀಯಲ್ಲೇ! ನಿಮ್ಮ ತೌರಲ್ಲಿ ಇದ್ದಿಲು ತಿಂತಾರಾ?” ಎಂದು ಮುಚನೆತಾ ಅತ್ತೆಯ ದನಿಯಲ್ಲೇ ಗದರಿದಳು.

ಅಂಗಳ ಗೊಳ್ಳೆಂದಿತು.

“ಬಾಯಲ್ಲಿರೋದು ಉಗುಳು! ಆ ಕೆನ್ನೆ ಯಾಕೆ ಉಬ್ಬಿದೆ? ಹಲ್ಲುನೋವಾ? ಬೀಜ ಹುರಿಯೋ ದಿನಾನೇ ನಿಂಗೆ ಹಲ್ಲುನೋವು ಬರುತ್ತೆ!”

ಮುದುಕಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಒರಳಲ್ಲಿ ಕುಟ್ಟಿ ಆಯಿತು. ಮುಚನೆತಾ ಕಲ್ಲಿನ ಮುಂದೆ ಮಂಡಿಯೂರಿ, ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅರೆಯತೊಡಗಿದಳು. ಪುಡಿ ಮುದ್ದೆಯಾಯಿತು, ಮುದ್ದೆಯಿಂದ ಎಣ್ಣೆ ಬಿಟ್ಟಿತು. ಅರೆಯುತ್ತಲೇ ಅತ್ತೆ ದಿನಾ ಕೂಗುತ್ತಿದ್ದ ಹಾಗೆ ಕಣಜದ ಕಡೆಗೆ ಕೂಗಿದಳು:

“ತವೆಂಗ್ವನಪ್ಪಾ! ಕೋಳಿ ಓಡಿಸೋಕೂ ಕಣ್ಣು ಬೇಕಾ ನಿಮಗೆ? ಬಾಯಿಲ್ವಾ?”

“ಬಾಯನ್ನೆಲ್ಲ ನೀನೇ ಇಟ್ಕೊಂಡಿದೀಯಲ್ಲೇ!” ಎಂದು ಕಣಜದ ಕಡೆಯಿಂದ ಉತ್ತರ ಬಂತು.

ಜನ ಮೊದಲು ನಕ್ಕರು. ಆಮೇಲೆ ತಿರುಗಿ ನೋಡಿದರು. ಮುದುಕ ಎದ್ದು ನಿಂತಿದ್ದ. ಅವನ ಮುಖ ಅರಳಿತ್ತು.

“ಬಂದ್ಯಾ? ನಾನು ಹೇಳ್ಲಿಲ್ವಾ, ಬಂದೇ ಬರ್ತಾಳೆ ಅಂತ! ನೀವೆಲ್ಲ ಎದ್ದು ಮನೆಗೆ ಹೋಗಿ. ಲೇ ತವೆಂಗ್ವನಮ್ಮಾ, ನಿನ್ನೆಯಿಂದ ಏನೂ ತಿಂದಿಲ್ಲ, ಗಂಜಿ ಕೊಡೇ.”

ಗುಂಡಿಯ ಹತ್ತಿರದಿಂದ ಬಂದಿದ್ದ ತವೆಂಗ್ವ ಹೆಂಡತಿ ಮುಚನೆತಾಳನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡ. ಮಾರ್ವೇಯಿ ಹಲ್ಲು ಕಚ್ಚಿ, “ಇಷ್ಟು ಚೆನ್ನಾಗಿ ಮಾಡು ಅಂತ ಯಾರು ಹೇಳಿದ್ರೇ ನಿಂಗೆ?” ಎಂದಳು. ಹೇಳಿದವಳು ಅವಳೇ. ಈಗ ಅದನ್ನು ನೆನಪಿಸುವವರು ಯಾರು?

ನಾನು ಅವರಲ್ಲ ಎಂದು ಹೇಳಿಬಿಡಬೇಕಿತ್ತು. ಮುಚನೆತಾ ಗಂಜಿಯ ಮಡಕೆಯ ಕಡೆ ನಡೆದಳು. ಒಂದು ಬಟ್ಟಲಾದರೂ ತಿನ್ನಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಬಿಸಿ ಗಂಜಿಗೆ ಕಲ್ಲಿನ ಮೇಲಿನ ದೋವಿ ಬಳಿದು ಹಾಕಿ, ಕದಡಿ, ತಂದು ಮುದುಕನ ಕೈಗಿಟ್ಟಳು.

“ತಗೊಳ್ಳಿ, ಸುಡುತ್ತೆ, ನಿಧಾನ,” ಎಂದಳು. ದನಿ ಅತ್ತೆಯದೇ.

ಮುದುಕ ಒಂದು ಚಮಚ ತಿಂದ. ಇನ್ನೊಂದು ಬಾಯಿಗಿಟ್ಟವನು ನಿಲ್ಲಿಸಿದ. ನಾಲಿಗೆಯಲ್ಲಿ ಏನನ್ನೋ ಹೊರಳಿಸಿ, ಬೆರಳ ತುದಿಗೆ ತೆಗೆದುಕೊಂಡು ಹೊಸಕಿ ನೋಡಿದ.

“ತರಿ,” ಎಂದ.

ಬೆರಳನ್ನು ಬಟ್ಟಲಿನ ಅಂಚಿಗೆ ಒರೆಸಿದ.

“ನನ್ನ ಹಲ್ಲು ಬಿದ್ದಾಗಿಂದ ಅವಳು ನನ್ನ ಬಟ್ಟಲಿಗೆ ತರಿ ಬರೋಕೆ ಬಿಟ್ಟವಳಲ್ಲ. ನೀವೆಲ್ಲ ಅರೆದು ಎದ್ದ ಮೇಲೆ ಒಂದು ಹಿಡಿ ತಗೊಂಡು ಮತ್ತೆ ಕಲ್ಲಿನ ಮುಂದೆ ಕೂರ್ತಿದ್ಲು. ನಂಗೊಬ್ಬನಿಗೆ ಅಂತ.”

ಮುಚನೆತಾ ಅದನ್ನು ಎಷ್ಟು ಸಲ ನೋಡಿದ್ದಳು! ನಾನು ಅರೆದದ್ದು ಅತ್ತೆಗೆ ಆಗಿಬರುವುದಿಲ್ಲ, ಎಷ್ಟು ಮಾಡಿದರೂ ಕೊಂಕು ತೆಗೆಯುತ್ತಾರೆ ಎಂದು ಗಂಡನ ಮುಂದೆ ಮೂಗು ಸೊರಗುಟ್ಟಿಸಿಕೊಂಡು ದೂರಿದ್ದಳು. ಅತ್ತೆಯೂ ಬಾಯಿಬಿಟ್ಟು ಕಾರಣ ಹೇಳಿದವಳಲ್ಲ. ಬೈಗುಳವನ್ನೆಲ್ಲ ಊರಿಗೇ ಕೇಳುವಂತೆ ಬೈದವಳು ಇದೊಂದನ್ನು ಮಾತ್ರ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದಳು.

“ಸೊಸೆ, ನೀನಾ?”

“ಹೌದು ಬಾಬಾ. ನಾನೇ.” ಈ ಸಲ ಅವಳದೇ ದನಿ.

“ಹಾಗಾದ್ರೆ ಅವಳು ಹೋದ್ಲು.”

ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಮುದುಕ ಬಾಯಿಬಿಟ್ಟು ಅತ್ತ. ಅವನ ಕಾಲ ಹತ್ತಿರ ಕೂತು ಮುಚನೆತಾಳೂ ಅತ್ತಳು. ಯಾರೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಅವಳ ಭುಜ ಹಿಡಿದು ಎದ್ದ. ಅಡಿಗೆಮನೆಯ ಹೆಂಗಸರು ಸರಿದು ದಾರಿ ಬಿಟ್ಟರು. ಪೆಟ್ಟಿಗೆಯ ತಲೆಯ ಕಡೆ ಕೂತು, ಒಳಗೆ ಕೈಯಿಟ್ಟು ಹೆಂಡತಿಯ ಕೈ ಹುಡುಕಿದ. ಆ ತಣ್ಣನೆಯ ಕೈಯನ್ನು ಈ ಸಲ ಬಿಡಲಿಲ್ಲ.

“ಇವಳಿಗೆ ಇನ್ನೂ ನುಣ್ಣಗೆ ಅರೆಯೋಕೆ ಬರಲ್ಲ ಕಣೇ,” ಎಂದ. “ಹೇಳಿಕೊಟ್ಟಾದ್ರೂ ಹೋಗಬಾರದಿತ್ತಾ?”

ತವೆಂಗ್ವ ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ.

“ಹೋಗು,” ಎಂದ ಮುದುಕ. “ನೀನು ಹೋಗು. ನಾನು ತರಿ ನುಂಗ್ತೀನಿ.”