ಟೊಪ್ಪಿಗೆ ತೊಟ್ಟ ತೆನೆಗಳು

ತಮ್ಮಣ್ಣ ಕೊನೆಯ ತೆನೆಯನ್ನು ಹೆಣ ಕೂರಿಸುವ ವಿಮಾನದ ಬಿದಿರಿಗೆ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಚೆಂಡುಹೂವಿನ ನಡುವೆ ಮುಷ್ಟಿಗಾತ್ರದ ಬಿಳಿಜೋಳದ ತೆನೆಗಳು. ಒಳಗೆ ಅಣ್ಣ ಭೀಮರಾಯ ಹಣೆತುಂಬ ವಿಭೂತಿ ಧರಿಸಿ ಕುಳಿತಿದ್ದ. ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕುಳಿತವನೇ ಅಲ್ಲ ಮಹಾರಾಯ.

"ಭಾಳ ಚಲೋ ಕಾಣಸ್ತದ," ಎಂದಳು ಚಿಗವ್ವ ಯಮನವ್ವ. "ಜ್ವಾಳಕ್ಕ ಜೀವಾ ತೇದಾಂವ. ಜ್ವಾಳದ ಕೂಡಽ ಹೋಗ್ಲಿ."

ತಮ್ಮಣ್ಣನಿಗೆ ಅಳು ಉಕ್ಕಿಬಂತು.

ಅಷ್ಟರಲ್ಲಿ ಶಿವಯೋಗೆಪ್ಪ ಬಂದ. ಪುಣೆಯ ಜೋಳದ ಸಂಶೋಧನಾ ಕೇಂದ್ರದಲ್ಲಿ ಭೀಮರಾಯನ ಕೈಕೆಳಗೆ ಕಲಿತವನು. ತಂದಿದ್ದ ಶಾಲನ್ನು ಗುರುವಿಗೆ ಹೊದಿಸಿ, ಬೆಳ್ಳಿ ಪದಕವನ್ನು ಪಾದದ ಬಳಿ ಇಟ್ಟು ಬಿಕ್ಕಿದ.

"ಮುಂದಿನ ತಿಂಗಳ ಇವರ ಸತ್ಕಾರ ಇತ್ತರಿ. ತೆನಿ ಕರ್ರಗ ಮಾಡೋ ಕಾಡಿಗಿ ರೋಗ ಹತ್ತಲಾರದ ಜ್ವಾಳ ಹುಟ್ಟಿಸ್ಯಾರ. ಅದಕ್ಕ ಇವರ ಹೆಸರಽ ಇಡ್ತಾರಂತ." ಕಣ್ಣೊರೆಸಿಕೊಂಡು ಕೇಳಿದ: "ಬೀಜ ಬ್ಯಾರೆ ಎಲ್ಲೂ ಇಲ್ಲ. ಹೊಲದಾಗ ಕಾಗದದ ಟೊಪಗಿ ಹಾಕಿದ ತೆನಿ ಅದಾವಲ್ರಿ? ಜ್ವಾಕಿ ಇಡ್ರಿ, ಒಂದೂ ಕೆಡಬಾರದು."

ತಮ್ಮಣ್ಣ ವಿಮಾನದ ತೆನೆಗಳತ್ತ ನೋಡಿದ.

*

ಜೋಳ ಹೂ ಬಿಟ್ಟಾಗ ಭೀಮರಾಯ ರಜೆ ಹಾಕಿ ತಮ್ಮೂರು ಸೊರಡಿಗೆ ಬಂದು, ಆರಿಸಿದ ತೆನೆಗಳಿಗೆ ಟೊಪ್ಪಿಗೆ ಕಟ್ಟಿದ್ದ.

"ಜ್ವಾಳಕ್ಕ ಬಾಸಿಂಗ ಕಟ್ಟಿದೆಲ್ಲಾ ಅಣ್ಣಾ! ವಾಲಗದವರಿಗಿ ಹೇಳಿ ಕಳಸಲೇನು?" ಎಂದು ತಮ್ಮಣ್ಣ ಕಾಡಿದ್ದ.

ಅಣ್ಣ ನಕ್ಕಿದ್ದ. "ಲಗ್ನಽ ಅದೋ ಇದು. ಎರಡು ಜಾತಿ ಕೂಡಿಸೀನಿ. ಮತ್ತೊಂದರ ಹೂವಿನ ಧೂಳಿ ಬೀಳಬಾರದು. ಉಳಿದ ಹೊಲಾ ನಿಂದು, ಇವಕ್ಕ ಮಾತ್ರ ಕೈ ಹಚ್ಚಬ್ಯಾಡ."

ಇಂದು ಬೆಳಿಗ್ಗೆ ತಮ್ಮಣ್ಣ ಆ ಟೊಪ್ಪಿಗೆಗಳನ್ನೇ ಕಿತ್ತೆಸೆದು ತೆನೆ ಕೊಯ್ದಿದ್ದ. ಹಕ್ಕಿ ಮುಟ್ಟದ ತೆನೆಗಳು ಅವೇ. ಅಣ್ಣನಿಗೆ ಹಕ್ಕಿಯ ಎಂಜಲು ಯಾಕೆ ಎನಿಸಿತ್ತು. ಅಣ್ಣನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ಬೇಡ ಎಂದವನೇ ಹೋದಮೇಲೆ ಇನ್ನು ಯಾರಿಗಾಗಿ ಕಾಯುವುದು ಎಂದುಕೊಂಡಿದ್ದ.

*

ದಾರಿಯುದ್ದಕ್ಕೂ ತಮ್ಮಣ್ಣ ತೆನೆಗಳತ್ತ ನೋಡದೆ ವಿಮಾನಕ್ಕೆ ಹೆಗಲು ಕೊಟ್ಟು ನಡೆದ. ಹೊಲದಲ್ಲಿ ಸಮಾಧಿಯ ಕುಣಿ ಸಿದ್ಧವಿತ್ತು, ಪಕ್ಕದಲ್ಲಿ ಉಪ್ಪಿನ ಚೀಲ. ಕಟ್ಟಿದ ಹೂವು, ತೆನೆ ಎಲ್ಲ ಅಣ್ಣನ ಜೊತೆಗೇ ಮಣ್ಣಿಗೆ ಹೋಗಬೇಕು.

"ತಡೀರಿ!" ಎಂದ ತಮ್ಮಣ್ಣ. "ಬೀಜ ಇವಽ. ನಾನಽ ಕೊಯ್ದೆ."

ಶಿವಯೋಗೆಪ್ಪ ಹೊತ್ತವರನ್ನು ಕೈಯೆತ್ತಿ ತಡೆದ.

"ಹೆಣಕ್ಕ ಕಟ್ಟಿದ್ದು ಮನಿಗಿ ಬರಬಾರದಪಾ," ಎಂದಳು ಯಮನವ್ವ ಗಾಬರಿಯಿಂದ. "ಅಣ್ಣನ ವಿಮಾನಾ ದೋಚಿದ ಅಂತಾರ ಮಂದಿ."

ತೆನೆಯತ್ತ ಚಾಚಿದ ಕೈ ಅಲ್ಲೇ ನಿಂತಿತು. ಮೊದಲು ಮುಟ್ಟಿದ್ದೂ ತಪ್ಪು, ಈಗ ಮುಟ್ಟಿದರೂ ತಪ್ಪು. ಅಣ್ಣನ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಆಗ ಭೀಮರಾಯನ ಹೆಂಡತಿ ಗೌರವ್ವ ಹೆಂಗಸರ ನಡುವಿನಿಂದ ಎದ್ದುಬಂದಳು. ಮಕ್ಕಳಿಲ್ಲದ ಹೆಂಗಸು. ಮೈದುನನ ಎದುರು ನಿಂತು, ಸೀರೆಯ ಸೆರಗು ಹಿಡಿದು ಉಡಿಯೊಡ್ಡಿದಳು.

"ಹಾಕಪಾ ತಮ್ಮಣ್ಣ. ಅವರದಂತ ಉಳಿದದ್ದು ಇಷ್ಟಽ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮುತ್ತೈದೆಯರಿಗೆ ತುಂಬುವ ಉಡಿಯನ್ನು ಇಂಥ ದಿನ ಯಾರಾದರೂ ಒಡ್ಡುವುದುಂಟೆ? ತಮ್ಮಣ್ಣ ಒಂದೊಂದೇ ತೆನೆ ಕಿತ್ತು ಹಾಕಿದ. ಅತ್ತಿಗೆ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು.

ಕುಣಿಗಿಳಿದ ಅಣ್ಣನ ಮೇಲೆ ಉಪ್ಪು, ವಿಭೂತಿ, ಮಣ್ಣು ಬಿದ್ದವು. ಬೆಳಿಗ್ಗೆಯಷ್ಟೇ ಬಳೆ ಒಡೆದ ಕೈಗಳಲ್ಲಿ ತುಂಬಿದ ಉಡಿ ಹಿಡಿದು ಗೌರವ್ವ ಊರ ದಾರಿ ಹಿಡಿದಳು. ಕುಣಿಯ ಬದಿಗೆ ಖಾಲಿ ವಿಮಾನ ವಾಲಿತ್ತು. ಬಿದಿರಿನ ಮೇಲೆ ತಮ್ಮಣ್ಣ ಬಿಗಿದ ಗಂಟುಗಳೆಲ್ಲ ಹಾಗೆಯೇ ಇದ್ದವು.