ಏಳನೇ ಕೋಣೆಯ ಬಾಗಿಲು

ಆ ಕಾದಂಬರಿಯನ್ನು ಮನೆಗೆ ತಂದವಳು ಅತ್ತಿಗೆಯೇ. ಅವಳು ಕೆಲಸ ಮಾಡುವ ಬೈಂಡಿಂಗ್ ಶಾಪಿನಲ್ಲಿ ಹಾಳೆಗಳು ತಲೆಕೆಳಗಾಗಿ ಹೊಲಿದುಹೋದ ಪ್ರತಿಗಳನ್ನು ಕೆಲಸದವರಿಗೇ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಇದರಲ್ಲಿ ಹದಿನಾರು ಪುಟ ತಲೆಕೆಳಗು.

"ಆಕಾಶದಲ್ಲಿ ಹೋಗೋ ಹಡಗಂತೆ. ಅಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಯಾರು ಕೇಳ್ತಾರೆ" ಎಂದು ನಗುತ್ತಾ ಅದನ್ನು ಮೈದುನನ ಮುಂದಿಟ್ಟಳು. ಅವಳು ನಗುವುದೇ ಅಪರೂಪವಾಗಿತ್ತು. ಆ ನಗು ಕೆಡದಿರಲಿ ಎಂದೇ ಅವನು ನಾನೂರು ಪುಟ ಓದಲು ಒಪ್ಪಿಕೊಂಡ.

ಮೈದುನ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್. ಅವನ ಅಣ್ಣ ಅಲ್ಲಿಯೇ ಫಿಟ್ಟರ್ ಆಗಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಣ್ಣ ಯಂತ್ರದ ಕೋಣೆಯೊಳಗೆ ರಿಪೇರಿಗೆ ಕೂತಿದ್ದಾಗ ಅಮೋನಿಯಾ ಗ್ಯಾಸಿನ ಪೈಪು ಒಡೆಯಿತು. ಪಕ್ಕದ ಹಾಲ್‌ನಲ್ಲಿ ಮೂವತ್ತು ಹೆಂಗಸರು ಹಣ್ಣು ವಿಂಗಡಿಸುತ್ತಿದ್ದರು. ಆಪರೇಟರ್ ಆ ಕೋಣೆಯ ಕಬ್ಬಿಣದ ಬಾಗಿಲೆಳೆದು ಅಗಳಿ ಹಾಕಿ, ಹೆಂಗಸರನ್ನೆಲ್ಲ ಅಂಗಳಕ್ಕೆ ಓಡಿಸಿದ. ಮೂವತ್ತು ಜನವೂ ಉಳಿದರು. ಅಣ್ಣ ಉಳಿಯಲಿಲ್ಲ. ವಿಚಾರಣೆಗೆ ಬಂದವರು ಇವನ ತಪ್ಪೇನೂ ಇಲ್ಲವೆಂದು ಬರೆದುಕೊಂಡು ಹೋದರು. "ಒಂದೇ ಉಸಿರಿಗೆ ಎಚ್ಚರ ತಪ್ಪಿರುತ್ತೆ ಕಣಮ್ಮ, ಸಂಕಟ ಗೊತ್ತಾಗಿರಲ್ಲ" ಎಂದು ಡಾಕ್ಟರು ಅತ್ತಿಗೆಗೆ ಹೇಳಿದಾಗ ಇವನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡೇ ಅವಳು ಮತ್ತೆ ಒಲೆ ಹಚ್ಚಿದ್ದಳು, ಕೆಲಸಕ್ಕೆ ಹೋಗಿದ್ದಳು, ಹತ್ತು ವರ್ಷದ ಮಗಳ ಜಡೆ ಹೆಣೆದಿದ್ದಳು. ಮೂವರೂ ಒಂದೇ ಮನೆಯಲ್ಲಿದ್ದರು.

ಭಾನುವಾರ ಬೆಳಿಗ್ಗೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಓದುಗರು ಸೇರುತ್ತಿದ್ದರು. ಸುತ್ತ ಹಳೇ ಪೇಪರಿನ ಕಟ್ಟುಗಳು, ನಡುವೆ ಒಂದು ಕಾಲು ಗಿಡ್ಡವಾದ ಮೇಜು. ಆ ಭಾನುವಾರ ಬಂದವರು ನಾಲ್ಕೇ ಜನ: ನಿವೃತ್ತ ಗಣಿತದ ಮೇಷ್ಟ್ರು, ಹೆಂಗಸರ ಬಟ್ಟೆ ಹೊಲಿಯುವ ಟೈಲರಮ್ಮ, ಅತ್ತಿಗೆ, ಇವನು.

ಕಾದಂಬರಿಯಲ್ಲಿ ಒಂಬೈನೂರು ಜನರನ್ನು ಹೊತ್ತ ಹಡಗು ನಕ್ಷತ್ರದಿಂದ ನಕ್ಷತ್ರಕ್ಕೆ ಹೊರಟಿರುತ್ತದೆ. ದಾರಿಯಲ್ಲಿ ಅದರ ಏಳನೇ ಕೋಣೆ ಸೀಳಿ, ಗಾಳಿ ಸೋರಿ, ನಲವತ್ತೊಂದು ಜನ ಸಾಯುತ್ತಾರೆ. ಬಾಗಿಲನ್ನು ಯಾರೋ ಹೊರಗಿನಿಂದ ಹಾಕಿರುತ್ತಾರೆ. ಯಾರು ಎಂಬುದೇ ಕಥೆ. ಮೇಷ್ಟ್ರು ಕ್ಯಾಪ್ಟನ್ ಎಂದಿದ್ದರು. ಟೈಲರಮ್ಮನ ಅನುಮಾನ ಹಡಗಿನ ಡಾಕ್ಟರ ಮೇಲೆ. ಅಷ್ಟು ಮೆತ್ತಗೆ ಮಾತಾಡುವವರನ್ನು ನಂಬಬಾರದು ಎನ್ನುವುದು ಅವರ ವಾದ. ಕೊನೆಗೆ ನೋಡಿದರೆ ಅದು ಪ್ರತಿ ಅಧ್ಯಾಯದಲ್ಲೂ ಸುಮ್ಮನೆ ಬಂದುಹೋಗುವ ಬಾಗಿಲು ಕಾಯುವವನು. ಆಪರೇಟರಿಗೆ ಇದು ನಲವತ್ತನೇ ಪುಟದಲ್ಲೇ ಗೊತ್ತಾಗಿತ್ತು. ಅವನು ಬಾಯಿಬಿಟ್ಟಿರಲಿಲ್ಲ.

"ಇದನ್ನ ಕೊಲೆ ಅನ್ನೋಕಾಗಲ್ಲ" ಎಂದರು ಮೇಷ್ಟ್ರು. "ನಲವತ್ತೊಂದು ಒಂದು ಕಡೆ, ಎಂಟುನೂರ ಐವತ್ತೊಂಬತ್ತು ಇನ್ನೊಂದು ಕಡೆ. ಒಂದನೇ ಕ್ಲಾಸಿನ ಮಗು ಹೇಳುತ್ತೆ ಲೆಕ್ಕಾನ."

ಟೈಲರಮ್ಮ ಪುಟ ತಿರುವಿ ಬೆರಳಿಟ್ಟರು. "ಅಲ್ಲ ಮೇಷ್ಟ್ರೇ, ನನಗೊಂದು ಅರ್ಥ ಆಗಲಿಲ್ಲ. ಇಲ್ಲಿ ನೋಡಿ, ಉಳಿದೋರೆಲ್ಲ ಆಗಲೇ ಒಂಬತ್ತನೇ ಕೋಣೆಗೆ ಹೋಗಿಬಿಟ್ಟಿದ್ದಾರೆ. ಒಳಗೆ ಇನ್ನೂ ಜೀವ ಇದೆ. ಆಗ ಬಾಗಿಲು ತೆಗೀಬಹುದಿತ್ತಲ್ಲ?"

"ಅದು ಬರೆದೋರ ತಪ್ಪು. ಅವಸರದಲ್ಲಿ ಕಣ್ತಪ್ಪಿದೆ" ಎಂದು ಮೇಷ್ಟ್ರು ಅಲ್ಲಿಗೇ ಮುಗಿಸಿದರು.

ಆಪರೇಟರ್ ಮೇಜಿನ ಅಂಚು ಹಿಡಿದ. ಅದು ಬರೆದವರ ತಪ್ಪಲ್ಲವೆಂದು ಆ ಕೋಣೆಯಲ್ಲಿ ಬಲ್ಲವನು ಅವನೊಬ್ಬನೇ.

ಅತ್ತಿಗೆ ಪುಸ್ತಕ ಮುಚ್ಚಿದಳು. "ಯಾಕೆ ತೆಗೀಲಿಲ್ಲ ಅಂತ ಅವನನ್ನ ಕೇಳಬಾರದು" ಎಂದಳು, ಇವನ ಕಡೆ ನೋಡದೆಯೇ. "ಬಾಗಿಲು ಹಾಕ್ದವನು ಆಮೇಲೆ ಹೇಗೆ ಊಟ ಮಾಡ್ತಾನೆ, ಹೇಗೆ ಮಲಗ್ತಾನೆ ಅಂತ ಕೇಳಬೇಕು. ನನಗೆ ಅವನ ಮೇಲೆ ಸಿಟ್ಟೇ ಬರಲಿಲ್ಲ. ಅಯ್ಯೋ ಪಾಪ ಅನಿಸ್ತು."

ಅವಳು ತನಗೆಂದೇ ಆ ಮಾತು ಆಡಿದಳೆಂದು ಅವನಿಗೆ ತಿಳಿಯಿತು. ಮೂರು ವರ್ಷದಿಂದ ಎದೆಯಲ್ಲಿ ಕಲ್ಲಿನಂತೆ ಕೂತಿದ್ದದ್ದು ಸಡಿಲಾಯಿತು. ಇವಳಿಗೆ ಹೇಳಬಹುದು, ಇವಳು ತಡೆದುಕೊಳ್ಳುತ್ತಾಳೆ ಎನಿಸಿತು.

ಮನೆಗೆ ನಡೆದು ಹೋಗುವಾಗ, ಮುಚ್ಚಿದ ಅಂಗಡಿಗಳ ಸಾಲಿನ ಮುಂದೆ ಅವನು ನಿಂತ.

"ಅತ್ತಿಗೆ, ಅಣ್ಣನ ಜೀವ ಒಂದೇ ಉಸಿರಿಗೆ ಹೋಗಲಿಲ್ಲ."

ಅವಳೂ ನಿಂತಳು.

"ಬಾಗಿಲು ಬಡೀತಿದ್ದ, ಸ್ಪ್ಯಾನರ್‌ನಲ್ಲಿ. ಹೆಂಗಸರೆಲ್ಲ ಹೊರಗೆ ಹೋಗಿ ಹಾಲ್ ಖಾಲಿ ಆದಮೇಲೂ ಬಡೀತಾನೇ ಇದ್ದ. ಗ್ಯಾಸ್ ಮಾಸ್ಕ್ ನನ್ನ ಮುಖದ ಮೇಲೇ ಇತ್ತು. ಅಗಳಿ ಮೇಲೆ ಕೈ ಇಟ್ಟಿದ್ದೆ. ತೆಗೆಯೋಕೆ ಧೈರ್ಯ ಬರಲಿಲ್ಲ."

ಒಂದು ಸೈಕಲ್ ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅದನ್ನೇ ನೋಡಿದಳು.

"ಎಷ್ಟು ಹೊತ್ತು?"

"ನಾಲ್ಕು ನಿಮಿಷ ಇರಬೇಕು."

"ಏನಾದರೂ ಅಂದರಾ?"

ಸುಳ್ಳು ಹೇಳಲು ಆಗಲೂ ಅವಕಾಶವಿತ್ತು. "ನನ್ನ ಹೆಸರು ಹಿಡಿದು ಕೂಗಿದ. ಮನೇಲಿ ಕರೀತಿದ್ದ ಹೆಸರು. ಆಮೇಲೆ ನಿಮ್ಮ ಹೆಸರು."

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು.

"ಅಲ್ಲೇ ಲೈಬ್ರರಿಯಲ್ಲಿ ನೀವು ಅಂದಿರಿ, ಪಾಪ ಅಂತ..." ಅವನ ಮಾತು ತಡವರಿಸಿತು.

"ಅದು ಪುಸ್ತಕದವನಿಗೆ ಅಂದಿದ್ದು ಕಣೋ" ಎಂದಳು ಅವಳು. "ಅವನು ಬಾಗಿಲು ಹಾಕಿದ್ದು ನನ್ನ ಗಂಡನ ಮೇಲಲ್ಲ."

ಸ್ವಲ್ಪ ಹೊತ್ತಿನ ಮೇಲೆ ಎದ್ದಳು. "ಒಂದೇ ಉಸಿರು ಅಂತ ನಂಬಿಕೊಂಡಿದ್ದೆ. ಅದನ್ನೂ ಕಿತ್ಕೊಂಡೆ. ನಿನ್ನ ಭಾರ ಇಳೀತಾ ಈಗ?"

ಇಳಿದಿರಲಿಲ್ಲ. ಇಳಿಯುತ್ತದೆಂದು ನಂಬಿದ್ದೇ ಅವನ ದಡ್ಡತನ. ಅಷ್ಟು ದಿನ ಒಬ್ಬನ ಕಿವಿಯಲ್ಲಿದ್ದ ಸದ್ದು ಅಂದಿನಿಂದ ಇಬ್ಬರ ಕಿವಿಗೂ ಬೀಳತೊಡಗಿತು, ಅಷ್ಟೇ.

"ಮಗುಗೆ ಮಾತ್ರ ಇದನ್ನ ಹೇಳಬೇಡ. ಯಾವತ್ತೂ" ಎಂದು ಅವಳು ಮುಂದೆ ಹೋದಳು. ಅವನು ಹಿಂದೆ ಹೋದ. ಅವತ್ತು ಎಂದಿನಂತೆ ತಟ್ಟೆ ಇಟ್ಟಳು, ಬಡಿಸಿದಳು. ಆದರೆ ಅವನು ಕೈತೊಳೆದು ಬರುವಷ್ಟರಲ್ಲಿ ಮಗಳನ್ನು ಕರೆದುಕೊಂಡು ಒಳಕೋಣೆಗೆ ಹೋಗಿಬಿಟ್ಟಿದ್ದಳು. ಹನ್ನೊಂದು ದಿನ ಹಾಗೇ ನಡೆಯಿತು. ಹನ್ನೆರಡನೇ ದಿನ ಅವನು ಡ್ಯೂಟಿ ಮುಗಿಸಿ ಬರುವ ವೇಳೆಗೆ ಅಣ್ಣನ ಫೋಟೋ ಇದ್ದ ಮೊಳೆ ಖಾಲಿಯಾಗಿತ್ತು. ಬೈಂಡಿಂಗ್ ಶಾಪಿನ ಮೇಲಿನ ರೂಮೊಂದನ್ನು ಬಾಡಿಗೆಗೆ ಹಿಡಿದಿದ್ದಾಳೆಂದು ಪಕ್ಕದ ಮನೆಯಾಕೆ ಹೇಳಿದರು. ಅವನು ಒಮ್ಮೆ ಅಲ್ಲಿಯವರೆಗೂ ಹೋದ. ಮೇಲಿನಿಂದ ಮಗು ಪಾಠ ಒಪ್ಪಿಸುವ ದನಿ ಕೇಳಿಸಿತು. ಕೆಳಗೇ ನಿಂತು ಕೇಳಿ ವಾಪಸು ಬಂದ.

ಲೈಬ್ರರಿಗೂ ಹೋಗುವುದು ಬಿಟ್ಟ. ಎರಡು ತಿಂಗಳ ಮೇಲೆ ಮೇಷ್ಟ್ರೇ ಹುಡುಕಿಕೊಂಡು ಮನೆಗೆ ಬಂದರು, ಕಂಕುಳಲ್ಲಿ ಹೊಸ ಪುಸ್ತಕ.

"ಎರಡನೇ ಭಾಗ ಬಂದಿದೆ ಕಣಯ್ಯಾ. ಆ ಬಾಗಿಲು ಕಾಯೋನಿಗೆ ಕೋರ್ಟಲ್ಲಿ ಬಿಡುಗಡೆ ಆಗುತ್ತೆ. ನಾನು ಆಗಲೇ ಹೇಳಿರಲಿಲ್ವಾ? ಟೈಲರಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ನೀನಾದರೂ ಓದಿ ನನ್ನ ಪರ ಮಾತಾಡು."

"ಕಣ್ಣು ಸರಿಯಿಲ್ಲ ಮೇಷ್ಟ್ರೇ. ಅಕ್ಷರ ಕಾಣಲ್ಲ."

ಮೇಷ್ಟ್ರು ಮರುಗಿದರು. ಪಕ್ಕದ ಬೀದಿಯ ಕಣ್ಣಿನ ಡಾಕ್ಟರು ಎಷ್ಟು ಒಳ್ಳೆಯವರು ಎಂದು ಬಿಡಿಸಿ ಹೇಳಿದರು, ವಿಳಾಸವನ್ನು ಚೀಟಿಯಲ್ಲಿ ದುಂಡಗೆ ಬರೆದು ಕೊಟ್ಟರು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಶಿಫ್ಟಿಗೆ ಹೊತ್ತಾಯಿತೆಂದು ಎದ್ದ.